ಗರುಬ್ ಕುದುರೆಗಳ ಮೂಲ

ಋಷಿಮೂಲ, ನದೀಮೂಲ ಹುಡುಕಬಾರದು ಅಂತಾರೆ. ಕುದುರೆಮೂಲ ಹುಡುಕಬಾರದೆಂದು ಯಾರೂ ಹೇಳಿಲ್ಲವಲ್ಲ!

ಆಫ್ರಿಕದ ನಮೀಬಿಯಾ ದೇಶದ ದಕ್ಷಿಣಕ್ಕೆ ಔಸ್ ಎಂಬ ಪುಟ್ಟ ಊರು. ಅಲ್ಲಿಂದ ಸಮುದ್ರದ ದಿಕ್ಕಿಗೆ ಸುಮಾರು 20 ಕಿ.ಮೀ. ಹೋದರೆ ಗರುಬ್. ಸುತ್ತ ನಮೀಬ್ ಮರುಭೂಮಿ. ಒಂದು ನೀರಿನ ತೊಟ್ಟಿ, ಅದನ್ನು ನೋಡುತ್ತ ಕೂರಲು ನೆರಳಿನ ಮಾಡು, ಅಷ್ಟೆ. ತಾಸು ಹೊತ್ತು ಕಾದ ಮೇಲೆ ದೂರದಲ್ಲಿ ಧೂಳೆದ್ದಿತು. ಕಂದು ಬಣ್ಣದ ಕುದುರೆಗಳು ಸಾಲಾಗಿ ಬಂದು ನೀರಿಗೆ ಬಾಯಿಟ್ಟವು. ಲಗಾಮಿಲ್ಲ, ಲಾಳವಿಲ್ಲ, ಯಜಮಾನನೂ ಇಲ್ಲ.

ಈ ಸೀಮೆಯಲ್ಲಿ ಮೊದಲು ಜೀಬ್ರಾ ಇತ್ತೇ ಹೊರತು ಕುದುರೆ ಇರಲಿಲ್ಲ. ಯುರೋಪಿನವರು ತಂದದ್ದು. ಆದರೆ ಈ ಹಿಂಡಿನ ಮುತ್ತಜ್ಜ ಯಾರು?

ಹೆಚ್ಚು ಜನ ಹೇಳುವ ಕಥೆ ಬ್ಯಾರನ್ ಫಾನ್ ವುಲ್ಫ್‌ನದು. ಈ ಜರ್ಮನ್ ಶ್ರೀಮಂತ 1909ರಲ್ಲಿ ಡುವಿಸಿಬ್‌ನಲ್ಲಿ ಕೋಟೆಯಂಥ ಮನೆ ಕಟ್ಟಿಸಿ ಕುದುರೆ ಸಾಕಿದ. ಮಹಾಯುದ್ಧಕ್ಕೆ ಹೋದವನು ಮರಳಲಿಲ್ಲ. ಅವನ ಕುದುರೆಗಳೇ ಅಲೆಯುತ್ತ ಇಲ್ಲಿಗೆ ಬಂದವಂತೆ. ಕಥೆ ಚೆಂದ, ಆದರೆ ನನಗೆ ನಂಬಿಕೆ ಬರಲಿಲ್ಲ. ಡುವಿಸಿಬ್ ಇಲ್ಲಿಂದ ಸುಮಾರು 250 ಕಿ.ಮೀ.! ಮೇವು, ನೀರು ಇದ್ದ ಜಾಗ ಬಿಟ್ಟು ಕುದುರೆ ಅಷ್ಟು ದೂರ ಯಾಕೆ ಹೋದೀತು?

ಹತ್ತಿರದಲ್ಲೇ ಬೇರೆ ಸುಳಿವಿದೆ. 1915ರಲ್ಲಿ ಜರ್ಮನರ ಮೇಲೆ ಯುದ್ಧಕ್ಕೆ ಬಂದ ದಕ್ಷಿಣ ಆಫ್ರಿಕದ ಸೇನೆ ಗರುಬ್‌ನಲ್ಲೇ ಬೀಡುಬಿಟ್ಟಿತ್ತು, ಸಾವಿರಾರು ಕುದುರೆಗಳೊಂದಿಗೆ. ಮಾರ್ಚ್ 27ರಂದು ಜರ್ಮನ್ ವಿಮಾನವೊಂದು ಬಾಂಬು ಹಾಕಿದಾಗ ಮೇಯುತ್ತಿದ್ದ ಕುದುರೆಗಳು ದಿಕ್ಕಾಪಾಲಾದವು. ಔಸ್ ಬಳಿಯ ಕುಬುಬ್‌ನಲ್ಲಿ, ಲ್ಯೂಡರಿಟ್ಜ್ ಪಟ್ಟಣದ ಮೇಯರ್ ಆಗಿದ್ದ ಕ್ರೆಪ್ಲಿನ್ ಎಂಬಾತ ತಳಿ ಕುದುರೆಗಳನ್ನು ಸಾಕಿದ್ದ. ಯುದ್ಧದ ಗದ್ದಲದಲ್ಲಿ ಅವೂ ಅನಾಥವಾದವು. ಎರಡೂ ಕೂಡಿ ಈ ಹಿಂಡಾಯಿತು ಎಂಬುದು ಸಂಶೋಧಕರ ಅಭಿಪ್ರಾಯ. ಶತ್ರುಪಾಳಯಗಳ ಕುದುರೆಗಳು ಬೀಗರಾದವು ಅನ್ನಿ!

ಬದುಕುಳಿದದ್ದು ಹೇಗೆ? ವಜ್ರ ಸಿಗುವ ಸೀಮೆಯೆಂದು ಸರ್ಕಾರ ಇಲ್ಲಿಗೆ ಜನರ ಪ್ರವೇಶ ನಿಷೇಧಿಸಿತ್ತು, ಬೇಟೆಗಾರರ ಕಾಟವಿರಲಿಲ್ಲ. ಉಗಿಬಂಡಿಗಳಿಗೆಂದು ರೈಲ್ವೆಯವರು ಕೊರೆಸಿದ್ದ ಕೊಳವೆಬಾವಿಯಿಂದ ನೀರು ಸಿಕ್ಕಿತು. ಡೀಸೆಲ್ ಎಂಜಿನ್ ಬಂದು ರೈಲಿಗೆ ನೀರು ಬೇಡವಾದಾಗ, ವಜ್ರದ ಕಂಪನಿಯ ಒಬ್ಬ ಅಧಿಕಾರಿ ಕುದುರೆಗಳಿಗಾಗಿ ನೀರು ನಿಲ್ಲದಂತೆ ನೋಡಿಕೊಂಡರು. ಅವರಿಗೊಂದು ನಮಸ್ಕಾರ.

ಆದರೆ 2012ರ ನಂತರ ಬರದ ಜೊತೆಗೆ ಕತ್ತೆಕಿರುಬಗಳ ಕಾಟ ಶುರುವಾಯಿತು. ಹಲವು ವರ್ಷ ಹುಟ್ಟಿದ ಮರಿ ಒಂದೂ ಉಳಿಯಲಿಲ್ಲ. ಹಿಂಡು ನೂರಕ್ಕಿಂತ ಕೆಳಗಿಳಿಯಿತು. ಕತ್ತೆಕಿರುಬ ಈ ನೆಲದ್ದೇ ಪ್ರಾಣಿ, ಕುದುರೆ ಹೊರಗಿನಿಂದ ಬಂದದ್ದು, ಯಾರನ್ನು ಉಳಿಸಬೇಕು ಎಂದು ದೊಡ್ಡ ವಾದವೇ ನಡೆಯಿತು. ನಾನು ಕುದುರೆಯ ಪಕ್ಷ. ಕೊನೆಗೆ ಕೆಲವು ಕತ್ತೆಕಿರುಬಗಳನ್ನು ಅಲ್ಲಿಂದ ತೆಗೆದ ಮೇಲೆ ಮರಿಗಳು ಮತ್ತೆ ಉಳಿಯತೊಡಗಿದವು.