ಕಲ್ಲಿಲ್ಲದ ಸಮಾಧಿ

ಚೆಂಬೂರಿನಿಂದ ಸಾಂತಾಕ್ರೂಜಿಗೆ ಈಗ ದಾರಿ ಸಲೀಸು. 2014ರಲ್ಲಿ ಜೋಡುರಸ್ತೆ ತೆರೆದ ಮೇಲೆ ಕುರ್ಲಾದ ಗಲ್ಲಿಗಳನ್ನು ಸುತ್ತುವ ತಾಪತ್ರಯ ತಪ್ಪಿತು. ಒಂದು ಭಾನುವಾರ ನಾವು ಹೊರಟದ್ದು ಅಲ್ಲಿಯ ಜುಹು ಖಬರಸ್ತಾನಕ್ಕೆ, ಮಹಮ್ಮದ್ ರಫಿಯವರಿಗೆ ನಮಸ್ಕರಿಸಲು. 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಅವರು ಹಾಡಿದ್ದನ್ನು ಕೇಳಿದ ಕನ್ನಡಿಗನಿಗೆ ಅವರು ಪರಕೀಯರಲ್ಲ.

ಆದರೆ ಅಲ್ಲಿ ಅವರ ಗೋರಿಯೇ ಇಲ್ಲ! 1980ರ ಜುಲೈ 31ರಂದು ತೀರಿಕೊಂಡ ರಫಿಯವರದು, 1969ರಲ್ಲಿ ಕಣ್ಮುಚ್ಚಿದ ನಟಿ ಮಧುಬಾಲಾ ಅವರದು, ಇನ್ನೂ ಹಲವು ಕಲಾವಿದರದು, ಎಲ್ಲ ಗೋರಿಗಳನ್ನೂ 2010ರಲ್ಲಿ ಒಡೆದು ತೆಗೆದರು. ಹೊಸ ಶವಗಳಿಗೆ ಜಾಗವಿರಲಿಲ್ಲ. ಮೇಲಾಗಿ, ಗೋರಿಯ ಮೇಲೆ ಶಾಶ್ವತವಾಗಿ ಕಟ್ಟುವುದು ಧರ್ಮಸಮ್ಮತವಲ್ಲವೆಂಬುದು ಅನೇಕ ಮುಸ್ಲಿಮ್ ಪಂಡಿತರ ಮತ. ಅಭಿಮಾನಿಗಳು ನೊಂದುಕೊಂಡರು. ಆ ಬಳಿಕ ಹುಟ್ಟುಹಬ್ಬಕ್ಕೂ ಪುಣ್ಯತಿಥಿಗೂ ಬರುವವರಿಗೆ ಸಮೀಪದ ತೆಂಗಿನಮರವೇ ಗುರುತಾಯಿತು.

ನ್ಯಾಯ ಯಾರ ಕಡೆಗೆ? ಮಡಿದ ಶೂರನಿಗೆ ವೀರಗಲ್ಲು ನೆಟ್ಟ ನಾಡಿನವರು ನಾವು. ಹೆಸರಿನ ಕಲ್ಲು ಕಿತ್ತರೆಂದರೆ ಕರುಳು ಚುರುಕ್ಕೆನ್ನುತ್ತದೆ. ಆದರೆ ಬದುಕಿದ್ದಾಗ ಒಂದು ಖೋಲಿಗಾಗಿ ಪರದಾಡಿದ ಬಡವನಿಗೆ ಸತ್ತ ಮೇಲಾದರೂ ಆರಡಿ ನೆಲ ಬೇಡವೇ? ಗಾಯಕನ ಕಲ್ಲು ಹೋದರೂ ಕಂಠ ಉಳಿಯಿತು. ಬಡವನಿಗೆ ಆ ನೆಲ ಬಿಟ್ಟರೆ ಬೇರೇನಿದೆ?

ಮರಳುವ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಕುರ್ಲಾ ದಾಟುವಾಗ ನಮ್ಮಾಕೆ ಮಾತ್ರ ಆ ಕನ್ನಡ ಹಾಡನ್ನು ಮೆಲ್ಲಗೆ ಗುನುಗತೊಡಗಿದಳು.