ಕಾರಿಗೊಂದು ಅಭ್ಯಂಜನ

ಮಲೆನಾಡಿನ ಅಡುಗೆಮನೆಯಲ್ಲಿ ತೊಳೆಯುವುದಕ್ಕೂ ಒಂದು ಶಾಸ್ತ್ರವಿದೆ. ತಳ ಹಿಡಿದ ಬಾಣಲೆಗೆ ಬೂದಿ ಮತ್ತು ತೆಂಗಿನ ನಾರು, ಹಿತ್ತಾಳೆಯ ಬಿಂದಿಗೆಗೆ ಹುಣಸೆಹಣ್ಣು, ಚಿನ್ನದ ಸರಕ್ಕೆ ಅಂಟುವಾಳದ ನೊರೆ. ಇದನ್ನು ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ಬೂದಿಯಲ್ಲಿ ಸರ ತಿಕ್ಕಿದ ಸೊಸೆಯನ್ನು ಯಾವ ಅತ್ತೆಯೂ ಸುಮ್ಮನೆ ಬಿಟ್ಟಿರಲಾರಳು. ಆದರೆ ಅದೇ ಮನೆಯ ಗಂಡಸರು ಅಂಗಳದಲ್ಲಿ ನಿಂತ ಕಾರಿನ ಬಳಿಗೆ ಬಂದಾಗ ಈ ವಿವೇಕವೆಲ್ಲ ಒಳಗೇ ಉಳಿದುಬಿಡುತ್ತದೆ. ಒಂದು ಬಕೆಟ್ ನೀರು, ಅದಕ್ಕೆ ಒಂದು ಹಿಡಿ ಬಟ್ಟೆ ಸೋಪಿನ ಪುಡಿ, ಒಂದು ಹರಿದ ಬನಿಯನ್. ಗಾಜಿಗೂ ಅದೇ, ಬಂಪರಿಗೂ ಅದೇ, ಬಣ್ಣಕ್ಕೂ ಅದೇ, ಕೊನೆಗೆ ಚಕ್ರಕ್ಕೂ ಅದೇ.

ಇದು ಒಂದು ತುದಿಯಾಯಿತು. ಇನ್ನೊಂದು ತುದಿ ನೋಡಬೇಕಾದರೆ ಶಿವಮೊಗ್ಗದ ಪೇಟೆಯಲ್ಲಿ ಕಾರಿನ ಬಿಡಿಭಾಗ, ಅಲಂಕಾರದ ಸಾಮಾನು ಮಾರುವ ಅಂಗಡಿಗೆ ಹೋಗಬೇಕು. ಶಾಂಪೂ, ವ್ಯಾಕ್ಸ್, ಪಾಲಿಶ್, ರಬ್ಬಿಂಗ್ ಕಾಂಪೌಂಡ್, ಗಾಜಿಗೆ ಸಿಂಪಡಿಸುವ ನೀಲಿ ದ್ರವ, ಕ್ರೋಮಿಗೊಂದು, ಡ್ಯಾಶ್‌ಬೋರ್ಡಿಗೊಂದು, ಟೈರಿಗೊಂದು. ಯಾವ ಬಾಟಲಿ ಎತ್ತಿದರೂ ಅದರ ಮೇಲೆ ಮಿರಿಮಿರಿ ಮಿಂಚುವ ಕಾರಿನ ಚಿತ್ರ. ಕೊಳ್ಳುವವನಿಗೆ ಎಲ್ಲವೂ ಬೇಕು ಅನ್ನಿಸುತ್ತದೆ, ಯಾವುದು ಯಾತಕ್ಕೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಈ ಎರಡು ತುದಿಗಳ ನಡುವಿನ ದಾರಿ ಬಲ್ಲವರೊಬ್ಬರು ಭದ್ರಾವತಿಯ ನ್ಯೂಟೌನಿನಲ್ಲಿದ್ದಾರೆ. 1923ರಲ್ಲಿ ಶುರುವಾಗಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಅವರ ಹತ್ತಿರ ಹಾಲುಬಣ್ಣದ ಒಂದು ಪ್ರೀಮಿಯರ್ ಪದ್ಮಿನಿ ಇದೆ. ತಿಂಗಳಿಗೆ ಎರಡು ಸಲ ಹೊರಗೆ ಬಂದರೆ ಹೆಚ್ಚು. ಆದರೆ ಅದರ ಬಂಪರಿನಲ್ಲಿ ಮುಖ ನೋಡಿಕೊಂಡು ಕ್ರಾಪು ತೀಡಿಕೊಳ್ಳಬಹುದು. ಅವರ ಅಳಿಯ ಶಿವಮೊಗ್ಗದ ವಿನೋಬನಗರದಲ್ಲಿರುವ ಬ್ಯಾಂಕ್ ನೌಕರ. ಹೊಸದಾಗಿ ಕಪ್ಪು ಬಣ್ಣದ ಕಾರು ಕೊಂಡ ಉತ್ಸಾಹದಲ್ಲಿ ಏಳು ಬಾಟಲಿಗಳನ್ನೂ ಕೊಂಡು, ಮಾವನವರಿಗೆ ತೋರಿಸಲು ತಂದರು.

ಮಾವನವರು ಬಾಟಲಿಗಳನ್ನು ಜಗುಲಿಯ ಮೇಲೆ ಸಾಲಾಗಿ ಇಟ್ಟು ನೋಡಿದರು.

‘ಅಳಿಯಂದಿರೇ, ಇಷ್ಟೊಂದು ಔಷಧಿ ತಂದಿದ್ದೀರಿ. ಕಾಯಿಲೆ ಏನು ಅಂತ ನೋಡಿದ್ದೀರಾ?’

‘ಕಾಯಿಲೆ ಏನಿಲ್ಲ ಮಾವ, ಹೊಸ ಕಾರು.’

‘ಮತ್ತೆ ಔಷಧಿ ಯಾರಿಗೆ?’

ಅಳಿಯಂದಿರ ಬಳಿ ಉತ್ತರವಿರಲಿಲ್ಲ. ಮಾವನವರ ಲೆಕ್ಕದಲ್ಲಿ ಕೊಳೆಯಲ್ಲಿ ಮೂರು ಜಾತಿ: ಕೂತ ಕೊಳೆ, ಅಂಟಿದ ಕೊಳೆ, ಕಚ್ಚಿದ ಕೊಳೆ. ರಸ್ತೆಯ ಕೆಂಪು ದೂಳು ಕೂತ ಕೊಳೆ; ನೀರು ಧಾರಾಳವಾಗಿ ಹರಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಡಾಂಬರಿನ ಚುಕ್ಕೆ, ಲಾರಿಯ ಹೊಗೆಯ ಜಿಡ್ಡು, ಹಲಸಿನ ಮೇಣ ಅಂಟಿದ ಕೊಳೆ. ಅದನ್ನು ಕರಗಿಸುವ ದ್ರವ ಬೇಕು, ಬಲ ಬೇಡ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಣದ ಮೇಲೆ ಎರಡು ತೊಟ್ಟು ಎಣ್ಣೆ ಹಚ್ಚಿ, ಅದು ಸಡಿಲಾದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ತೆಗೆದು, ಎಣ್ಣೆಯ ಜಿಡ್ಡನ್ನು ಶಾಂಪೂ ನೀರಿನಲ್ಲಿ ತೊಳೆದರೆ ಮುಗಿಯಿತು. ಕಚ್ಚಿದ ಕೊಳೆ ಮಾತ್ರ ಬೇರೆ. ಹಕ್ಕಿಯ ಹಿಕ್ಕೆ ಬಿಸಿಲಿನಲ್ಲಿ ಒಣಗಿ, ಅದರ ಆಮ್ಲ ಬಣ್ಣವನ್ನೇ ತಿಂದು ಗುರುತು ಬಿಟ್ಟಿದ್ದರೆ ಅದು ಕೊಳೆಯಲ್ಲ, ಗಾಯ. ಅದನ್ನು ತೆಗೆಯಬೇಕಾದರೆ ಸುತ್ತಲಿನ ಬಣ್ಣವನ್ನೂ ಅಷ್ಟು ಆಳಕ್ಕೆ ಸವೆಸಬೇಕು. ಹಿಕ್ಕೆ ಬಿದ್ದ ದಿನವೇ ಒದ್ದೆ ಬಟ್ಟೆ ಹೊದಿಸಿ ನೆನೆಸಿ ತೆಗೆದಿದ್ದರೆ ಆ ಪಾಡು ಬರುತ್ತಿರಲಿಲ್ಲ.

ಸವೆಸುವುದಕ್ಕೆ ಬಣ್ಣವಾದರೂ ಎಷ್ಟಿದೆ? ಈಗಿನ ಕಾರಿನ ತಗಡಿನ ಮೇಲಿನ ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಅಂದರೆ ದಿನಪತ್ರಿಕೆಯ ಎರಡು ಹಾಳೆಗಳನ್ನು ಒತ್ತಿಟ್ಟರೆ ಎಷ್ಟೋ ಹೆಚ್ಚುಕಡಿಮೆ ಅಷ್ಟೇ. ಅದರಲ್ಲೂ ಹೊಳಪು ಕೊಡುವ, ಬಣ್ಣವಿಲ್ಲದ ಮೇಲ್ಪದರ ಸುಮಾರು 40-50 ಮೈಕ್ರಾನ್; ಒಂದು ಹಾಳೆಯಷ್ಟೂ ಇಲ್ಲ. ರಬ್ಬಿಂಗ್ ಕಾಂಪೌಂಡ್ ಎಂಬುದು ಆ ಹಾಳೆಯನ್ನು ತೆಳ್ಳಗೆ ಹೆರೆಯುವ ಸಾಮಾನು. ಹೆರೆದಾಗ ಗೀರು ಮಾಯವಾಗುತ್ತದೆ, ಹೊಳಪು ಬರುತ್ತದೆ. ಪ್ರತಿ ಹಬ್ಬಕ್ಕೂ ಹೆರೆಯುತ್ತ ಹೋದರೆ ಒಂದು ಹಬ್ಬಕ್ಕೆ ಹಾಳೆಯೇ ಇರುವುದಿಲ್ಲ. ಪದ್ಮಿನಿಯಂಥ ಹಳೆಯ ಕಾರುಗಳಿಗೆ ಈ ಬಣ್ಣವಿಲ್ಲದ ಮೇಲ್ಪದರವೇ ಇರಲಿಲ್ಲ. ಪಾಲಿಶ್ ತಿಕ್ಕಿದರೆ ಕಾರಿನ ಬಣ್ಣ ಬಟ್ಟೆಗೆ ಬರುತ್ತಿತ್ತು. ಸವೆಯುವುದು ಆಗ ಕಣ್ಣಿಗೆ ಕಾಣುತ್ತಿತ್ತು, ಈಗ ಕಾಣುವುದಿಲ್ಲ, ವ್ಯತ್ಯಾಸ ಇಷ್ಟೇ.

ಬಟ್ಟೆ ಸೋಪಿನ ಪುಡಿ ಇದಕ್ಕಿಂತ ಸೌಮ್ಯ ಶತ್ರು. ಬಟ್ಟೆಯ ಜಿಡ್ಡು ತೆಗೆಯಲು ಮಾಡಿದ ಕ್ಷಾರ ಅದು, ಕಾರಿನ ಮೇಲೆ ಹಚ್ಚಿದ ವ್ಯಾಕ್ಸನ್ನೂ ಜಿಡ್ಡೆಂದೇ ತಿಳಿದು ಎಳೆದೊಯ್ಯುತ್ತದೆ. ಅದರ ಬದಲು ಕಾರಿನ ಶಾಂಪೂ ಎರಡು ಮುಚ್ಚಳ ಸಾಕು. ಬಕೆಟ್ ಮಾತ್ರ ಎರಡಿರಲಿ: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿ ನೀರು. ಬಟ್ಟೆಗೆ ಹತ್ತಿದ ಮರಳು ಆ ಎರಡನೆಯ ಬಕೆಟ್ಟಿನ ತಳ ಸೇರದಿದ್ದರೆ ಮತ್ತೆ ಬಣ್ಣದ ಮೇಲೇ ಸವಾರಿ ಮಾಡುತ್ತದೆ. ಕಪ್ಪು ಕಾರುಗಳ ಮೇಲೆ ಬಿಸಿಲಿನಲ್ಲಿ ಕಾಣುವ ಜೇಡರ ಬಲೆಯಂಥ ಗೀರುಗಳು ಹೀಗೆಯೇ ಹುಟ್ಟುತ್ತವೆ. ತೊಳೆಯುವುದು ನೆರಳಿನಲ್ಲಾಗಬೇಕು, ತೊಳೆದ ಕೂಡಲೇ ಒರೆಸಬೇಕು. ತುಂಗೆಯ ನೀರಿನ ರುಚಿಯನ್ನು ಗಾದೆಯೇ ಹೊಗಳಿದೆ. ಆದರೆ ಬಡಾವಣೆಗಳಲ್ಲಿ ಕಾರು ತೊಳೆಯಲು ಸಿಗುವುದು ಬಹುಮಟ್ಟಿಗೆ ಕೊಳವೆಬಾವಿಯ ಗಡಸು ನೀರು. ಅದು ಆರಿದ ಕಡೆಯೆಲ್ಲ ಸುಣ್ಣದ ಬಿಳಿ ಉಂಗುರ ಬಿಟ್ಟುಹೋಗುತ್ತದೆ. ಹಾಗೆಂದು ಕಾರನ್ನು ಹೊಳೆಗೇ ಇಳಿಸುವುದು ಸರಿಯಲ್ಲ. ಅದರ ಎಣ್ಣೆ, ಸೋಪು ಕುಡಿಯುವವರು ಕೆಳಗಿನ ಊರಿನಲ್ಲಿದ್ದಾರೆ.

ಭದ್ರಾವತಿಯವರಿಗೆ ಇನ್ನೂ ಒಂದು ಕೊಳೆಯ ಪರಿಚಯವಿದೆ. ಉಕ್ಕಿನ ಕಾರ್ಖಾನೆ, ರೈಲು ಹಳಿಗಳ ಸಮೀಪ ನಿಲ್ಲುವ ಬಿಳಿ ಕಾರುಗಳ ಮೇಲೆ ಸಾಸಿವೆಗಿಂತ ಸಣ್ಣ ಕೇಸರಿ ಚುಕ್ಕೆಗಳು ಏಳುತ್ತವೆ. ತಗಡು ತುಕ್ಕು ಹಿಡಿಯಿತೆಂದು ಯಜಮಾನರು ಗಾಬರಿಯಾಗುತ್ತಾರೆ. ಅದು ತಗಡಿನ ತುಕ್ಕಲ್ಲ. ಗಾಳಿಯಲ್ಲಿ ಬಂದು ಬಣ್ಣಕ್ಕೆ ನಾಟಿಕೊಂಡ ಕಬ್ಬಿಣದ ಕಣದ ತುಕ್ಕು. ಬ್ರೇಕು ಸವೆದು ಉದುರುವ ಪುಡಿಯಿಂದಲೂ ಇದೇ ಆಗುತ್ತದೆ. ಉಜ್ಜಿದರೆ ಕಣ ಹೋಗುವುದಿಲ್ಲ, ಗೀರು ಬೀಳುತ್ತದೆ. ಅದಕ್ಕೆಂದೇ ಸಿಗುವ, ಕಬ್ಬಿಣ ತಗುಲಿದಲ್ಲಿ ನೇರಳೆ ಬಣ್ಣಕ್ಕೆ ತಿರುಗುವ ದ್ರವವೋ, ಮೆತ್ತಗಿನ ಜೇಡಿಮಣ್ಣಿನಂಥ ಮುದ್ದೆಯೋ ಆಗಬೇಕು. ಏಳು ಬಾಟಲಿಗಳಲ್ಲಿ ಇದು ಇರಲಿಲ್ಲ.

ಕ್ರೋಮಿನ ಕಥೆ ಮಾವನವರಿಗೆ ಇನ್ನೂ ಹತ್ತಿರದ್ದು. ಬಂಪರ್ ಹೊಳೆಯುವುದು ಕ್ರೋಮಿಯಂನಿಂದಲೇ ಎಂದು ಎಲ್ಲರೂ ತಿಳಿದಿದ್ದಾರೆ. ಉಕ್ಕಿನ ಮೇಲೆ ನಿಕ್ಕಲ್ ಲೇಪ, ಅದರ ಮೇಲೆ ಕ್ರೋಮಿಯಂ. ಮೇಲಿನ ಈ ಲೇಪ ಸಾಮಾನ್ಯವಾಗಿ ಒಂದು ಮೈಕ್ರಾನಿಗೂ ಕಡಿಮೆ. ನಿಕ್ಕಲ್ ಮಾಸದಂತೆ ಕಾಯುವ ಗಾಜಿನಂಥ ಕಾವಲುಗಾರ ಅದು, ಗಟ್ಟಿ ಆದರೆ ತೀರ ತೆಳು. ಹಿತ್ತಾಳೆಗೆಂದು ಮಾಡಿದ ಬ್ರಾಸೋ ಹಿತ್ತಾಳೆಯ ದೀಪದ ಕಂಬಕ್ಕೆ ಸರಿ. ಅದರಲ್ಲಿ ಸವೆಸುವ ಪುಡಿ ಇರುವುದರಿಂದ ವಾರವಾರ ಕ್ರೋಮಿಗೆ ತಿಕ್ಕುವುದು ತಪ್ಪು. ಹುಣಸೆಹಣ್ಣೂ ಬೇಡ, ನಿಂಬೆಹಣ್ಣೂ ಬೇಡ. ಶಾಂಪೂ ನೀರು, ಒಣ ಬಟ್ಟೆ, ಮಳೆಗಾಲಕ್ಕೆ ಮುಂಚೆ ತೆಳ್ಳಗೆ ವ್ಯಾಕ್ಸ್, ಇಷ್ಟೇ ಪದ್ಮಿನಿಯ ಬಂಪರಿನ ಗುಟ್ಟು. ಎಲ್ಲಾದರೂ ಸಣ್ಣಗೆ ತುಕ್ಕು ಕಂಡರೆ ಊಟ ಕಟ್ಟಿಕೊಡುವ ಅಲ್ಯುಮಿನಿಯಂ ಹಾಳೆಯನ್ನು ಮುದುರಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜುತ್ತಾರೆ. ಅಲ್ಯುಮಿನಿಯಂ ಕ್ರೋಮಿಗಿಂತ ಮೆದು, ಹಾಗಾಗಿ ತುಕ್ಕು ಹೋಗುತ್ತದೆ, ಕ್ರೋಮು ಉಳಿಯುತ್ತದೆ. ಈಗಿನ ಕಾರುಗಳಲ್ಲಿ ಬೆಳ್ಳಿಯಂತೆ ಹೊಳೆಯುವುದೆಲ್ಲ ಹೆಚ್ಚಾಗಿ ಪ್ಲಾಸ್ಟಿಕ್ಕಿನ ಮೇಲಿನ ಲೇಪ. ಅದಕ್ಕಂತೂ ಸೋಪು ನೀರಿಗಿಂತ ಹೆಚ್ಚಿನ ಉಪಚಾರ ಬೇಡವೇ ಬೇಡ.

ಅಳಿಯಂದಿರು ಎಲ್ಲವನ್ನೂ ಕೇಳಿಕೊಂಡರು. ಬಣ್ಣ, ಕ್ರೋಮುಗಳ ವಿಷಯದಲ್ಲಿ ಹೇಳಿದಂತೆ ನಡೆದೂ ನಡೆದರು. ಗಾಜಿನ ಮಾತು ಬರುವಷ್ಟರಲ್ಲಿ ಊಟಕ್ಕೆ ಕರೆ ಬಂದಿತ್ತು. ಉಳಿದದ್ದು ಮುಂದಿನ ಸಲ ಎಂದಾಯಿತು.

ಜುಲೈ ತಿಂಗಳ ಒಂದು ರಾತ್ರಿ. ಹೆಂಡತಿ, ಮಗುವಿನ ಜೊತೆ ಅವರು ಭದ್ರಾವತಿಯಿಂದ ಹಿಂದಿರುಗುತ್ತಿದ್ದರು. ಎರಡು ಊರುಗಳ ನಡುವೆ ಇಪ್ಪತ್ತು ಕಿಲೋಮೀಟರು, ಅರ್ಧ ಗಂಟೆಯ ದಾರಿ. ಹಿಂದಿನ ದಿನವಷ್ಟೇ ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿದ್ದರು, ಎಣ್ಣೆ ನೀರು ಮಾಡಿಸಿಕೊಂಡ ಮಗುವಿನ ಹಾಗೆ ಅದು ಮಿಂಚುತ್ತಿತ್ತು. ಮಾಚೇನಹಳ್ಳಿ ದಾಟಿದ ಮೇಲೆ ಮಳೆ ಜೋರಾಯಿತು. ಎದುರಿಗೆ ಬಂದ ಲಾರಿಯ ದೀಪ ಗಾಜಿನ ಮೇಲೆ ಬಿದ್ದದ್ದೇ ತಡ, ಬೆಳಕು ಬೆಳಕಾಗಿ ಉಳಿಯದೆ ಹಾಲು ಚೆಲ್ಲಿದಂತೆ ಹರಡಿಕೊಂಡಿತು. ಎರಡು ಕ್ಷಣ ಮುಂದೆ ರಸ್ತೆಯೇ ಇಲ್ಲ. ಬ್ರೇಕು ಒತ್ತಿದರು. ಲಾರಿ ಹೋದ ಮೇಲೆ ನೋಡಿದರೆ, ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಮುದುಕರೊಬ್ಬರು ಬಾನೆಟ್ಟಿನಿಂದ ಒಂದು ಮಾರು ದೂರದಲ್ಲಿ ನಿಂತು, ಕಾರಿನ ಕಡೆ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಶಿವಮೊಗ್ಗ ತಲಪುವವರೆಗೆ ಕಾರಿನೊಳಗೆ ಯಾರೂ ಮಾತಾಡಲಿಲ್ಲ.

ಮುಂದಿನ ಭಾನುವಾರ ಮಾವನವರು ಕಾರಿನೊಳಗೆ ಕೂತು, ಮುಂದಿನ ಗಾಜಿನ ಒಳಮೈ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು. ಗೆರೆ ಸ್ಪಷ್ಟವಾಗಿ ಮೂಡಿತು. ಬೈಯಲಿಲ್ಲ. ‘ಗಾಜಿಗೆ ಎರಡು ಮೈ ಇರುತ್ತೆ, ಅಳಿಯಂದಿರೇ. ನೀವು ಊರವರು ನೋಡೋ ಮೈ ಒರೆಸಿದ್ದೀರಿ’ ಎಂದರು.

ಆ ಜಿಡ್ಡು ಎಲ್ಲಿಂದ ಬರುತ್ತದೆ? ಬಿಸಿಲಿನಲ್ಲಿ ನಿಂತ ಕಾರಿನ ಪ್ಲಾಸ್ಟಿಕ್ ಬಿಸಿಯಾಗಿ, ಅದರಿಂದ ಹೊರಟ ಆವಿ ತಣ್ಣಗಿನ ಗಾಜಿನ ಮೇಲೆ ಕೂರುತ್ತದೆ. ಡ್ಯಾಶ್‌ಬೋರ್ಡಿನ ಪಾಲಿಶ್ ಅದಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ಹಗಲಿನಲ್ಲಿ ಕಾಣದ ಈ ಪೊರೆ ರಾತ್ರಿ ಎದುರು ದೀಪಕ್ಕೆ ಪರದೆಯಾಗುತ್ತದೆ. ಮಳೆಗಾಲದಲ್ಲಿ ಉಸಿರಿನ ಹಬೆ ಹಿಡಿದುಕೊಳ್ಳುವುದೂ ಇದರ ಮೇಲೇ ಬೇಗ. ತೆಗೆಯಲು ದುಬಾರಿ ಸಾಮಾನೇನೂ ಬೇಡ. ಗಾಜಿಗೆ ಸಿಂಪಡಿಸುವ ದ್ರವವನ್ನು ಗಾಜಿಗಲ್ಲದೆ ಬಟ್ಟೆಗೆ ಸಿಂಪಡಿಸಿ ಒರೆಸಬೇಕು, ಇನ್ನೊಂದು ಒಣ ಬಟ್ಟೆಯಿಂದ ಮುಗಿಸಬೇಕು. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯ ಇಲ್ಲದ ದ್ರವ ಆರಿಸಬೇಕು. ಒಳಗಡೆ ಮೇಲಿಂದ ಕೆಳಕ್ಕೆ, ಹೊರಗಡೆ ಎಡದಿಂದ ಬಲಕ್ಕೆ ಒರೆಸಿದರೆ ಉಳಿದ ಗೆರೆ ಯಾವ ಮೈಯದೆಂದು ತಕ್ಷಣ ತಿಳಿಯುತ್ತದೆ.

ಒಣ ಬಟ್ಟೆಯ ಜಾಗದಲ್ಲಿ ಭದ್ರಾವತಿಯ ಹಳಬರು ಬಳಸುವುದು ಮುದುರಿದ ದಿನಪತ್ರಿಕೆ. ಅದಕ್ಕೆ ಕಾರಣವೂ ಇದೆ: ಸುದ್ದಿಕಾಗದ ನೀರು ಹೀರುತ್ತದೆ, ಬಟ್ಟೆಯಂತೆ ಎಳೆ ಬಿಡುವುದಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಇದೇ ಊರಿನದು. 1980ರ ದಶಕದ ಆರಂಭದಿಂದ ಅಲ್ಲಿ ಸುದ್ದಿಕಾಗದ ತಯಾರಾಗುತ್ತಿತ್ತು. ಊರಿನಲ್ಲಿ ಹುಟ್ಟಿದ ಕಾಗದ ಸುದ್ದಿ ಹೊತ್ತು ಮನೆಗೆ ಬಂದು, ಓದಿಸಿಕೊಂಡು, ಕೊನೆಗೆ ಕಾರಿನ ಗಾಜು ಒರೆಸುತ್ತಿತ್ತು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. ಪೇಪರ್ ಟೌನ್ ಎಂಬ ಹೆಸರು ಮಾತ್ರ ಉಳಿದಿದೆ. ಒರೆಸುವುದಕ್ಕೆ ಯಾವ ಊರಿನ ಕಾಗದವಾದರೂ ಆದೀತು. ಮಸಿ ಗಾಜಿನ ಅಂಚಿನ ರಬ್ಬರಿಗೆ ತಾಗದಂತೆ ನೋಡಿಕೊಂಡರೆ ಸರಿ. ಬಣ್ಣದ ಮೇಲೆ ಮಾತ್ರ ಕಾಗದ ಆಡಿಸಬಾರದು.

ಕಾರಿನ ಸ್ನಾನಕ್ಕೆ ಎಷ್ಟು ಸಾಮಾನು ಬೇಕು ಎಂದು ಈಗ ಲೆಕ್ಕ ಹಾಕಬಹುದು. ಮೊದಲ ದುಡ್ಡು ಗಾಜಿಗೆ: ಒಂದು ಬಾಟಲಿ ದ್ರವ, ಎರಡು ಬಟ್ಟೆ, ವೈಪರಿಗೆ ಒಳ್ಳೆಯ ರಬ್ಬರು. ಅದು ಒಳಗೆ ಕೂತವರ, ರಸ್ತೆಯಲ್ಲಿ ನಡೆಯುವವರ ಜೀವದ ಪ್ರಶ್ನೆ. ಎರಡನೆಯದು ಬಣ್ಣಕ್ಕೆ: ಶಾಂಪೂ ಮತ್ತು ವ್ಯಾಕ್ಸ್. ಅದು ಕಾರಿನ ಆಯುಷ್ಯದ ಪ್ರಶ್ನೆ. ಕ್ರೋಮಿಗೆ ಬೇರೆ ದುಡ್ಡೇ ಬೇಡ, ಬಣ್ಣದ್ದರಲ್ಲೇ ಅದರದ್ದೂ ನಡೆದುಹೋಗುತ್ತದೆ. ಅಂಗಡಿಯಲ್ಲಿ ಕೈ ಮಾತ್ರ ಮೊದಲು ಹೊಳಪಿನ ಬಾಟಲಿಯ ಕಡೆಗೇ ಹೋಗುತ್ತದೆ. ಗಾಜು ಚೆನ್ನಾಗಿದೆ ಎಂದು ಯಾವ ನೆಂಟನೂ ಹೊಗಳುವುದಿಲ್ಲವಲ್ಲ.

ಆಯುಧಪೂಜೆ ಬಂದಾಗ ಶಿವಮೊಗ್ಗದ ಬೀದಿಗಳಲ್ಲಿ ಕಾರುಗಳೆಲ್ಲ ಮಿಂದು, ಕುಂಕುಮ ಅರಿಶಿನ ಹಚ್ಚಿಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ನಿಲ್ಲುತ್ತವೆ. ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಒಂದು ಸುತ್ತು ಹೋಗಿ ಬರುತ್ತಾರೆ. ಕುಂಕುಮ ಅರಿಶಿನದ ಬಣ್ಣ ಬಿಸಿಲಿಗೆ ಕಚ್ಚುವ ಮೊದಲು, ಮಾರನೆಯ ಬೆಳಿಗ್ಗೆಯೇ ಬರಿ ನೀರಿನಲ್ಲಿ ತೊಳೆದರೆ ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಹಾಗೆ ತೊಳೆಯಲು ನಿಂತಾಗ ಬಾಗಿಲು ತೆಗೆದು ಒಳಗೆ ಕೂತು, ಗಾಜಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡುವುದು ಒಳ್ಳೆಯದು.