ಡಾರ್ಗೊ ದಾರಿಗೊಂದು ಹಳೇ ಬೈಕು

ಟಾರ್ನೀಟ್‌ನಿಂದ ಮೆಲ್ಬರ್ನ್ ಸಿಟಿಗೆ ಬೆಳಿಗ್ಗೆ ಕಾರಿನಲ್ಲಿ ಹೋಗುವವರಿಗೆ ವೆಸ್ಟ್ ಗೇಟ್ ಸೇತುವೆ ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಮುಂದಿನ ಕಾರಿನ ನಂಬರ್ ಪ್ಲೇಟ್ ಬಾಯಿಪಾಠ ಆಗುವಷ್ಟು ಹೊತ್ತು ಕೂತಿರಬೇಕು. ವಿಕ್ಟೋರಿಯಾದಲ್ಲಿ 2015ರ ನವೆಂಬರ್‌ನಿಂದ, ನಿಂತ ವಾಹನಗಳ ನಡುವೆ ಗಂಟೆಗೆ 30 ಕಿ.ಮೀ. ಒಳಗಿನ ವೇಗದಲ್ಲಿ ಬೈಕು ನುಸುಳಿ ಮುಂದೆ ಹೋಗಬಹುದು. ಸಿಟಿಯಲ್ಲಿ ನಡೆಯುವವರಿಗೆ ಜಾಗ ಬಿಟ್ಟು ಫುಟ್‌ಪಾತ್ ಮೇಲೆ ನಿಲ್ಲಿಸಿದರೆ ಪಾರ್ಕಿಂಗ್ ದುಡ್ಡೂ ಇಲ್ಲ. ನಾನು ಲೆಕ್ಕಪತ್ರದವನು, ಲೆಕ್ಕ ಹಾಕಿದೆ. ಒಂದು ಸಣ್ಣ 250 ಸಿಸಿ ಬೈಕು ಮಗಳು ಹುಟ್ಟಿದಾಗ ಮಾರಿದ್ದೆ, ಲೈಸೆನ್ಸ್ ಹಾಗೇ ಇತ್ತು.

ಆದರೆ ನಿಜ ಹೇಳಬೇಕಂದ್ರೆ ಲೆಕ್ಕ ಒಂದು ನೆಪ. ಗೋಡೆಯ ಮ್ಯಾಪಿನಲ್ಲಿ ಡಾರ್ಗೊ ಹೈ ಪ್ಲೇನ್ಸ್ ರೋಡ್ ಅಂತ ಒಂದು ಮಣ್ಣಿನ ರಸ್ತೆ ಬಹಳ ದಿನದಿಂದ ಕಣ್ಣಿಗೆ ಬೀಳ್ತಾ ಇತ್ತು. ವಾರವೆಲ್ಲ ಫ್ರೀವೇ, ವರ್ಷಕ್ಕೆ ಮೂರ್ನಾಲ್ಕು ಸಲ ಜಲ್ಲಿ ದಾರಿ, ಎರಡಕ್ಕೂ ಆಗುವ ಒಂದೇ ಗಾಡಿ ಬೇಕಿತ್ತು. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ಏಳು ಸಾವಿರ ಡಾಲರ್. ಅದಕ್ಕಿಂತ ಒಂದು ಡಾಲರ್ ಹೆಚ್ಚಾದರೂ ಮನೆ ಸಾಲದ ಕಂತಿಗೆ ಕೈ ಹಾಕಬೇಕು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಹೆಂಡತಿ ಬೇಡ ಅನ್ನಲಿಲ್ಲ, ಒಂದೇ ಷರತ್ತು ಹಾಕಿದಳು. "ಬಿದ್ದರೆ ನೀವೊಬ್ಬರೇ ಎತ್ತೋಕೆ ಆಗೋ ಗಾಡಿ ತಗೊಳ್ಳಿ."

ಆ ಮಾತನ್ನು ಮೊದಲ ವಾರವೇ ಮರೆತೆ. 1200 ಸಿಸಿಯ ಒಂದು ದೊಡ್ಡ ಅಡ್ವೆಂಚರ್ ಬೈಕು, ಪಕ್ಕದಲ್ಲಿ ಅಲ್ಯೂಮಿನಿಯಂ ಡಬ್ಬಗಳು, ನೋಡಿ ಮನಸ್ಸು ಸೋತಿತು. ನಾನು ಐದಡಿ ಆರಿಂಚು. ಮಾರುವವನ ಇಳಿಜಾರು ಡ್ರೈವ್‌ವೇನಲ್ಲಿ ಕೂತೆ, ಒಂದು ಕಾಲು ನೆಲಕ್ಕೆ ಸಿಗಲಿಲ್ಲ, ಗಾಡಿ ವಾಲಿತು. ಪುಣ್ಯಕ್ಕೆ ಅವನು ಹಿಡಿದ. ಬೆವರು ಒರೆಸಿಕೊಂಡು ಥ್ಯಾಂಕ್ಸ್ ಹೇಳಿ ಬಂದೆ.

ಆಮೇಲೆ ಉಳಿದದ್ದು ಎರಡು. ಕವಾಸಾಕಿ ಕೆಎಲ್‌ಆರ್ 650, ಸುಜುಕಿ ಡಿಆರ್ 650. ಕವಾಸಾಕಿಗೆ 23 ಲೀಟರಿನ ಟ್ಯಾಂಕು, ಗಾಳಿ ತಡೆಯುವ ಮುಸುಕು, ದೂರದ ದಾರಿಗೆ ಸುಖ. ಆದರೆ ತುಂಬಿದ ಟ್ಯಾಂಕು ಅಂದ್ರೆ ಭಾರವೆಲ್ಲ ಮೇಲೆ. 2007ರವರೆಗಿನ ಮಾದರಿಗಳಲ್ಲಿ ಬ್ಯಾಲೆನ್ಸರ್ ಚೈನ್ ಬಿಗಿ ಮಾಡುವ ಒಂದು ಸಣ್ಣ ಲಿವರ್ ಮುರಿಯುವ ಕಾಯಿಲೆ ಬೇರೆ. ಹಳೆಯದ್ದು ತಗೊಂಡರೆ ಅದನ್ನು ಬದಲಾಯಿಸಿದ ಬಿಲ್ ಕೇಳಲೇಬೇಕು. ಡಿಆರ್ ಸುಮಾರು 166 ಕೆ.ಜಿ., 644 ಸಿಸಿ, ಗಾಳಿ ಮತ್ತು ಎಣ್ಣೆಯಿಂದ ತಣ್ಣಗಾಗುವ ಎಂಜಿನ್. ರೇಡಿಯೇಟರ್ ಇಲ್ಲ, ಒಡೆಯುವ ಚಿಂತೆಯೂ ಇಲ್ಲ. ಟ್ಯಾಪೆಟ್ ಸ್ಕ್ರೂನಲ್ಲೇ ಸರಿ ಮಾಡಬಹುದು. ಹೊಸದಾಗಿ ಲೈಸೆನ್ಸ್ ತೆಗೆದವರು ಓಡಿಸಬಹುದಾದ ಬೈಕುಗಳ ಪಟ್ಟಿಯಲ್ಲೂ ಇದೆ. ತೊಂದರೆಯೂ ಹೇಳ್ತೀನಿ. ಟ್ಯಾಂಕು 13 ಲೀಟರು ಮಾತ್ರ, ಸೀಟು ಹಲಗೆ, ಐದೇ ಗೇರು, ನೂರು ದಾಟಿದರೆ ಕೈ ಜುಮ್ಮೆನ್ನುತ್ತೆ.

ಮೊದಲು ನೋಡಿದ ಡಿಆರ್ ಪಳಪಳ ಹೊಳೀತಿತ್ತು. ಮೀಟರ್ 28,000 ಕಿ.ಮೀ. ಎಂಜಿನ್ ಮುಟ್ಟಿದೆ, ಬಿಸಿ. ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದ. ಕಡೂರಿನಲ್ಲಿ ನಮ್ಮಪ್ಪ ಮೈಸೂರಲ್ಲಿ ತಯಾರಾದ ಯೆಜ್ಡಿ ಇಟ್ಟುಕೊಂಡಿದ್ದರು. ಹಳೇ ಗಾಡಿ ನೋಡೋಕೆ ಹೋದರೆ ಮೊದಲು ಎಂಜಿನ್ ಮೇಲೆ ಕೈ ಇಡು, ತಣ್ಣಗಿದ್ದರೆ ಮಾತ್ರ ಮುಂದಿನ ಮಾತು ಅಂತಿದ್ದರು. ಆದರೂ ಬಿಲ್ಲುಗಳ ಫೈಲ್ ಕೇಳಿದೆ, ಅಭ್ಯಾಸ ಬಲ. ಎರಡು ವರ್ಷ ಹಿಂದಿನ ಒಂದು ಟಯರ್ ಬಿಲ್ಲಿನ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದಿತ್ತು: 41,200. ಕಿಲೋಮೀಟರು ಹಿಂದಕ್ಕೆ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವನಿಗೆ ಏನೂ ಹೇಳದೆ ಫೈಲ್ ವಾಪಸ್ ಕೊಟ್ಟೆ. ಹೇಳಬೇಕಿತ್ತೇನೋ.

ಎರಡನೆಯದರ ಮೀಟರಿನಲ್ಲಿ 46,000. ಟ್ಯಾಂಕಿನ ಮೇಲೆ ಗೀರು, ಎಂಜಿನ್ ತಣ್ಣಗೆ. ಒಂದೇ ಒತ್ತಿಗೆ ಸ್ಟಾರ್ಟ್ ಆಯ್ತು, ಹೊಗೆ ಇಲ್ಲ. ಪಕ್ಕದ ಮುಚ್ಚಳ ತೆಗೆದು ಏರ್ ಫಿಲ್ಟರ್ ನೋಡಿದೆ, ಶುದ್ಧ ಎಣ್ಣೆ ಹಚ್ಚಿತ್ತು. ಫಿಲ್ಟರ್ ನೋಡಿದರೆ ಮಾಲೀಕ ಎಂಥವನು ಅಂತ ಗೊತ್ತಾಗುತ್ತೆ. ಈ ಬೈಕಿನಲ್ಲಿ ನ್ಯೂಟ್ರಲ್ ದೀಪದ ಸ್ವಿಚ್ಚಿನ ಎರಡು ಸ್ಕ್ರೂ ಸಡಿಲವಾಗಿ ಎಂಜಿನ್ ಒಳಗೆ ಬೀಳಬಹುದು. ಅದನ್ನು ಭದ್ರ ಮಾಡಿಸಿದ ಬಿಲ್ ಅವನೇ ತೆಗೆದು ತೋರಿಸಿದ. ಸಿಲಿಂಡರ್ ಬುಡದಲ್ಲಿ ಎಣ್ಣೆ ಜಿನುಗಿಲ್ಲ. ಹ್ಯಾಂಡಲ್ ತಿರುಗಿಸಿದರೆ ಎಲ್ಲೂ ಹಿಡಿಯಲಿಲ್ಲ. ಚೈನ್ ಸ್ಪ್ರಾಕೆಟ್ ಮಾತ್ರ ಸವೆದಿತ್ತು, ಅದಕ್ಕೆ ಮುನ್ನೂರು ಇಳಿಸಿದ. ಎರಡು ಡಾಲರ್ ಕೊಟ್ಟು ಪಿಪಿಎಸ್‌ಆರ್ ಚೆಕ್ ಮಾಡಿದೆ. ಸಾಲ ಬಾಕಿ ಇಲ್ಲ, ಕಳವಿನದ್ದಲ್ಲ, ಅಪಘಾತದಲ್ಲಿ ರೈಟ್ ಆಫ್ ಆದದ್ದೂ ಅಲ್ಲ. ರೋಡ್‌ವರ್ದಿ ಸರ್ಟಿಫಿಕೇಟ್ ಇದೆಯಲ್ಲ ಅಂತ ಈ ಚೆಕ್ ಬಿಡಬೇಡಿ ಮಾರಾಯ್ರೆ. ಅದು ಬ್ರೇಕು, ಟಯರು, ದೀಪಗಳಂಥ ಸುರಕ್ಷತೆಯದ್ದು, ಎಂಜಿನ್ ಎಷ್ಟು ದಿನ ಬಾಳುತ್ತೆ ಅಂತ ಅದು ಹೇಳಲ್ಲ.

ಕೊನೆಗೆ ಅವನ ಅನುಮತಿ ಕೇಳಿ ಹುಲ್ಲಿನ ಮೇಲೆ ಬೈಕು ಮಲಗಿಸಿದೆ. ಅವನು ವಿಚಿತ್ರವಾಗಿ ನೋಡಿದ. ಬೆನ್ನು ತಿರುಗಿಸಿ ಸೀಟಿಗೆ ಸೊಂಟ ಕೊಟ್ಟು ಕಾಲಿನ ಬಲದಿಂದ ಎತ್ತಿದೆ, ಎರಡನೇ ಪ್ರಯತ್ನಕ್ಕೆ ಎದ್ದಿತು. ಐದೂವರೆ ಸಾವಿರಕ್ಕೆ ಮಾತು ಮುಗೀತು.

ನಾಲ್ಕು ತಿಂಗಳು ಆಫೀಸಿಗೆ ಓಡಿಸಿದೆ. ವೆಸ್ಟ್ ಗೇಟ್ ಮೇಲೆ ಅಡ್ಡಗಾಳಿ ಬೀಸಿದಾಗ ಹಗುರ ಬೈಕು ಪಕ್ಕದ ಲೇನಿನ ಕಡೆ ಸರಿಯುತ್ತೆ, ಅಲ್ಲಿ ಮಾತ್ರ ದೊಡ್ಡ ಗಾಡಿ ನೆನಪಾಗುತ್ತೆ. ಫೆಬ್ರವರಿಯಲ್ಲಿ ರಜ ಹಾಕಿ ಬೈರ್ನ್ಸ್‌ಡೇಲ್ ದಾರಿಯಾಗಿ ಡಾರ್ಗೊಗೆ ಹೋದೆ. ಪುಟ್ಟ ಊರು, ಅಕ್ರೋಟ್ ಮರಗಳು. ಅಲ್ಲಿಂದ ಮೇಲೆ ಮೌಂಟ್ ಹೋಥಮ್ ಕಡೆಗೆ ಆ ಮಣ್ಣಿನ ರಸ್ತೆ, ಚಳಿಗಾಲದಲ್ಲಿ ಮುಚ್ಚಿರುತ್ತೆ. ಹೋಥಮ್ 1,861 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಗಿಡ್ಡ. ಆದರೆ ಕಾಫಿ ತೋಟದ ಬದಲು ಸ್ನೋ ಗಮ್ ಮರಗಳು, ತಿರುಚಿದ ಕೊಂಬೆ, ಬಣ್ಣ ಬಣ್ಣದ ತೊಗಟೆ. ಫೋನ್ ಸಿಗ್ನಲ್ ಇಲ್ಲ. ಒಂದು ತಿರುವಿನಲ್ಲಿ ಸಡಿಲ ಜಲ್ಲಿಗೆ ಮುಂದಿನ ಚಕ್ರ ಜಾರಿ ಮೆಲ್ಲಗೆ ಬಿದ್ದೆ. ಏಟಾಗಲಿಲ್ಲ. ಸುತ್ತ ನೋಡಿದೆ, ಒಂದು ನರಪಿಳ್ಳೆ ಇಲ್ಲ. ಬೆನ್ನು ತಿರುಗಿಸಿ, ಸೊಂಟ ಕೊಟ್ಟು, ಎತ್ತಿದೆ. ಈ ಸಲ ಒಂದೇ ಪ್ರಯತ್ನಕ್ಕೆ.

ರಾತ್ರಿ ಬ್ರೈಟ್ ಊರಿನ ಮೋಟೆಲಿನಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಬೈಕು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಕಿಕ್ಕರ್ ಎಲ್ಲೋ?" ಅಂದರು. ಇದಕ್ಕೆ ಇಲ್ಲ ಅಪ್ಪ, ಬಟನ್ ಮಾತ್ರ ಅಂದೆ. "ಬ್ಯಾಟರಿ ಸತ್ತರೆ ಆ ಕಾಡಲ್ಲಿ ಏನ್ ಮಾಡ್ತೀಯ?" ಮರುದಿನ ಬೆಳಿಗ್ಗೆ ಹೊರಡುವ ಮೊದಲು, ಖರ್ಚಿನ ಪಟ್ಟಿಗೆ ಒಂದು ಜಂಪ್ ಸ್ಟಾರ್ಟರ್ ಸೇರಿಸಿದೆ.